ಹಳೇ 904 ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿಗೆ 2.74ರ ಗೇರ್ ಸೆಟ್ ಹಾಕುವ ಬಗೆ

ಕ್ರೈಸ್ಲರ್ ಕಂಪನಿಯ ಎ-904 ಟಾರ್ಕ್‌ಫ್ಲೈಟ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 1960ರಲ್ಲಿ ವೇಲಿಯಂಟ್ ಕಾರಿನೊಂದಿಗೆ ಬಂತು. ಡಾಡ್ಜ್ ಡಾರ್ಟ್, ಪ್ಲಿಮತ್ ಡಸ್ಟರ್, ಬರಾಕುಡಾಗಳಲ್ಲಿ ಸ್ಲ್ಯಾಂಟ್ ಸಿಕ್ಸ್ (ಓರೆಯಾಗಿ ಕೂತ ಆರು ಸಿಲಿಂಡರಿನ) ಅಥವಾ 318 (ವಿ8) ಎಂಜಿನ್ ಇದ್ದರೆ ಅದರ ಹಿಂದೆ ಹೆಚ್ಚಾಗಿ ಇದೇ ಪೆಟ್ಟಿಗೆ ಇರುತ್ತದೆ. ಎರಡು ದಶಕ ಅದರ ಲೆಕ್ಕ ಬದಲಾಗಲಿಲ್ಲ: ಮೊದಲ ಗೇರು 2.45 (ಪೆಟ್ಟಿಗೆಯೊಳಗೆ ಬರುವ ಶಾಫ್ಟ್ 2.45 ಸುತ್ತು ತಿರುಗಿದರೆ ಹೊರಹೋಗುವುದು ಒಂದು ಸುತ್ತು), ಎರಡನೆಯದು 1.45, ಮೂರನೆಯದು ನೇರ, ಅಂದರೆ 1.00. 1980ರ ಮಾದರಿಗಳಿಂದ ಕಂಪನಿಯೇ ಈ ಕುಟುಂಬದ ಪೆಟ್ಟಿಗೆಗಳಿಗೆ ಮೊದಲ ಗೇರು 2.74, ಎರಡನೆಯದು 1.54 ಇರುವ ಸೆಟ್ ಹಾಕತೊಡಗಿತು. ಆ ಸೆಟ್ಟನ್ನು ಬಿಚ್ಚಿ 1968ರಿಂದ 79ರವರೆಗಿನ ಹಳೇ 904ರೊಳಗೆ ಕೂರಿಸಬಹುದು. ಹೊರಗಿನ ಕೇಸು, ಬೆಲ್ ಹೌಸಿಂಗ್, ಲಿಂಕೇಜು, ಪ್ರೊಪೆಲ್ಲರ್ ಶಾಫ್ಟು ಯಾವುದೂ ಬದಲಾಗಬೇಕಿಲ್ಲ.

ಲಾಭ ಏನೆಂದರೆ, ಹಿಂದಿನ ಆಕ್ಸಲ್ ಮುಟ್ಟದೆಯೇ ಗಾಡಿ ನಿಂತಲ್ಲಿಂದ ಚುರುಕಾಗಿ ಏಳುತ್ತದೆ. ಆಕ್ಸಲ್ ಗೇರಿನ ಅನುಪಾತ 3.23 ಇದೆ ಎಂದುಕೊಳ್ಳಿ. ಹಳೇ ಸೆಟ್ಟಿನಲ್ಲಿ ಮೊದಲ ಗೇರಿನ ಒಟ್ಟು ಇಳಿತ (ಎರಡೂ ಅನುಪಾತಗಳ ಗುಣಲಬ್ಧ) 7.91, ಹೊಸದರಲ್ಲಿ 8.85. ಅಷ್ಟು ಎಳೆತವನ್ನು ಹಳೇ ಗೇರಿನಲ್ಲೇ ಪಡೆಯಬೇಕಾದರೆ 3.61ರ ಆಕ್ಸಲ್ ಬೇಕಾಗುತ್ತಿತ್ತು, ಆಗ ಹೆದ್ದಾರಿಯಲ್ಲಿ ಎಂಜಿನ್ ಸದಾ ಕಿರುಚುತ್ತಿತ್ತು. ಇಲ್ಲಿ ಮೂರನೇ ಗೇರು ನೇರವೇ ಇರುವುದರಿಂದ ಹೆದ್ದಾರಿಯ ಓಟ, ಸ್ಪೀಡೋಮೀಟರು ಎರಡೂ ಇದ್ದಂತೆಯೇ ಇರುತ್ತವೆ. 2.76ರ ಆಕ್ಸಲ್ ಇರುವ ಸ್ಲ್ಯಾಂಟ್ ಸಿಕ್ಸ್ ಡಾರ್ಟಿಗಂತೂ ಇದಕ್ಕಿಂತ ಒಳ್ಳೆಯ ಉಪಕಾರ ಇನ್ನೊಂದಿಲ್ಲ.

ಗೇರ್ ಸೆಟ್ ಅದಲು ಬದಲು ಮಾಡುವುದು ಕೈಪಳಗಿದವರಿಗೆ ಕಷ್ಟದ ಕೆಲಸವಲ್ಲ. ಅದನ್ನು ಹಿಡಿದು ನಿಲ್ಲಿಸುವ ಬ್ಯಾಂಡನ್ನೂ (ಡ್ರಮ್ಮನ್ನು ಸುತ್ತಿ ಅಪ್ಪುವ ಪಟ್ಟಿ) ರೋಲರ್ ಕ್ಲಚ್ಚನ್ನೂ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಭಾಗ) ನೋಡದೆ ಮುಚ್ಚಿದರೆ ಪೆಟ್ಟಿಗೆ ಬೇಗ ಮತ್ತೆ ಬೆಂಚಿಗೆ ಬರುತ್ತದೆ. ಯಾಕೆ ಅನ್ನುವುದನ್ನು ಮೊದಲು ಲೆಕ್ಕದಲ್ಲೇ ನೋಡೋಣ.

ಒಳಗಿನ ಲೆಕ್ಕ

904ರೊಳಗೆ ಎರಡು ಪ್ಲಾನೆಟರಿ ಸೆಟ್‌ಗಳಿವೆ, ಮುಂದೊಂದು, ಹಿಂದೊಂದು. ಇಂಥ ಸೆಟ್ಟಿನ ನಡುವೆ ಸನ್ ಗೇರ್, ಅದರ ಸುತ್ತ ಪಿನಿಯನ್ ಎಂಬ ಸಣ್ಣ ಗೇರುಗಳು, ಅವನ್ನು ಹೊತ್ತ ಕ್ಯಾರಿಯರ್, ಹೊರಗಡೆ ಒಳಮುಖ ಹಲ್ಲಿನ ರಿಂಗ್ ಗೇರ್ ಇರುತ್ತವೆ. ಎರಡಕ್ಕೂ ಸೇರಿ ಒಂದೇ ಸನ್ ಗೇರ್. ಮುಂದಿನ ಕ್ಯಾರಿಯರ್ ಮತ್ತು ಹಿಂದಿನ ರಿಂಗ್ ಗೇರ್ ಔಟ್‌ಪುಟ್ ಶಾಫ್ಟಿಗೆ ಕೂಡಿಕೊಂಡಿವೆ. ಮುಂದಕ್ಕೆ ಹೋಗುವ ಎಲ್ಲ ಗೇರುಗಳಲ್ಲೂ ಹಿಂದಿನ ಕ್ಲಚ್ ಕಚ್ಚಿಕೊಂಡಿದ್ದು, ಎಂಜಿನ್ ಬಲ ಮುಂದಿನ ರಿಂಗ್ ಗೇರಿಗೆ ಹೋಗುತ್ತದೆ. ಮೊದಲ ಗೇರಿನಲ್ಲಿ ಹಿಂದಿನ ಕ್ಯಾರಿಯರನ್ನು ರೋಲರ್ ಕ್ಲಚ್ ಹಿಡಿಯುತ್ತದೆ. ಎರಡನೆಯದರಲ್ಲಿ ಕಿಕ್‌ಡೌನ್ ಬ್ಯಾಂಡು, ಅಂದರೆ ಮುಂದಿನ ಬ್ಯಾಂಡು, ಸನ್ ಗೇರನ್ನು ಹಿಡಿಯುತ್ತದೆ. ಮೂರನೆಯದರಲ್ಲಿ ಮುಂದಿನದು, ಹಿಂದಿನದು ಎರಡೂ ಕ್ಲಚ್ ಕಚ್ಚಿ ಇಡೀ ಗೇರ್ ಸೆಟ್ ಒಂದೇ ಗಟ್ಟಿಯಾಗಿ ತಿರುಗುತ್ತದೆ.

ಸನ್ ಗೇರಿನ ಹಲ್ಲುಗಳ ಸಂಖ್ಯೆಯನ್ನು ರಿಂಗ್ ಗೇರಿನ ಹಲ್ಲುಗಳಿಂದ ಭಾಗಿಸಿ. ಹಳೇ ಸೆಟ್ಟಿನಲ್ಲಿ ಮುಂದೆಯೂ ಹಿಂದೆಯೂ ಸುಮಾರು 0.45 ಬರುತ್ತದೆ. ಎರಡನೇ ಗೇರು ಅಂದರೆ ಒಂದಕ್ಕೆ ಮುಂದಿನ ಭಾಗಲಬ್ಧ ಕೂಡಿದ್ದು, 1.45. ಹೊಸ ಸೆಟ್ಟಿನಲ್ಲಿ ಅದು 1.54, ಆದ್ದರಿಂದ ಮುಂದಿನ ಭಾಗಲಬ್ಧ 0.54. ರಿವರ್ಸ್ ಗೇರು ಪೂರ್ತಿ ಹಿಂದಿನ ಸೆಟ್ಟಿನದು, ಅದು ಎರಡರಲ್ಲೂ ಸುಮಾರು 2.2. ಅಂದರೆ ಅನುಪಾತ ಬದಲಾಗಿರುವುದು ಮುಂದಿನ ಸೆಟ್ಟಿನಲ್ಲಿ ಮಾತ್ರ. ಮೊದಲ ಗೇರಿಗೆ ಒಂದು, 0.54, ಮತ್ತು 0.54ನ್ನು 0.45ರಿಂದ ಭಾಗಿಸಿದಾಗ ಬರುವ 1.20, ಮೂರನ್ನೂ ಕೂಡಿ: 2.74. ಲೆಕ್ಕ ತಾಳೆಯಾಯಿತು.

ಈಗ ಹಿಡಿಯುವ ಭಾಗಗಳ ಮೇಲಿನ ಹೊರೆ. ಎರಡನೇ ಗೇರಿನಲ್ಲಿ ಬ್ಯಾಂಡು ತಡೆಯಬೇಕಾದ ತಿರುಚು ಬಲ ಗೇರಿನ ಅನುಪಾತದಲ್ಲಿ ಒಂದು ಕಳೆದಷ್ಟು. ಹಳೇ ಸೆಟ್ಟಿನಲ್ಲಿ ಎಂಜಿನ್ ಕಡೆಯಿಂದ ಬಂದದ್ದರ 0.45 ಪಾಲು ತಡೆಯುತ್ತಿದ್ದ ಬ್ಯಾಂಡು ಈಗ 0.54 ಪಾಲು ತಡೆಯಬೇಕು. ಮೊದಲ ಗೇರಿನಲ್ಲಿ ರೋಲರ್ ಕ್ಲಚ್ಚಿನ ಮೇಲೆ 1.45 ಇದ್ದದ್ದು 1.74 ಆಗುತ್ತದೆ. ಎರಡೂ ಕಡೆ ಹೊರೆ 20 ಶೇಕಡ ಹೆಚ್ಚಿತು. ಗಾಡಿಗೆ ಸಿಕ್ಕ ಎಳೆತ ಮೊದಲ ಗೇರಿನಲ್ಲಿ 12 ಶೇಕಡ, ಎರಡನೆಯದರಲ್ಲಿ ಬರೀ 6 ಶೇಕಡ. ಸವೆದ ಬ್ಯಾಂಡು ಹಳೇ ಗೇರಿನಲ್ಲಿ ಹೇಗೋ ಕಾಲ ತಳ್ಳುತ್ತಿದ್ದರೂ ಹೊಸದರಲ್ಲಿ ಜಾರತೊಡಗುವುದು ಇದಕ್ಕೇ.

ಯಾವ ಕಾರಿಗೆ ಹೊಂದುತ್ತದೆ

1968ರಿಂದ ಈಚಿನ 904 ಆದರೆ ನಿಶ್ಚಿಂತೆಯಿಂದ ಕೈಹಾಕಿ. 1967ರವರೆಗಿನ ಪೆಟ್ಟಿಗೆಯಲ್ಲಿ ಇನ್‌ಪುಟ್ ಶಾಫ್ಟಿನ ಸ್ಪ್ಲೈನು (ಮೈಮೇಲಿನ ಉದ್ದುದ್ದ ಹಲ್ಲು) ಬೇರೆ. 68ರಿಂದ 27 ಸ್ಪ್ಲೈನಿನ ಶಾಫ್ಟ್ ಬಂತು, ಕ್ರ್ಯಾಂಕಿನ ತುದಿಯಲ್ಲಿ ಟಾರ್ಕ್ ಕನ್ವರ್ಟರಿನ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಪೆಟ್ಟಿಗೆಗೆ ದಾಟಿಸುವ ಭಾಗ) ಮೂಗು ಕೂರುವ ಗುಂಡಿಯೂ ದೊಡ್ಡದಾಯಿತು. ಆದ್ದರಿಂದ 67ರ ಕಾರಿಗೆ ಈಚಿನ ಪೆಟ್ಟಿಗೆಯನ್ನು ಇಡಿಯಾಗಿ ಹಾಕಲು ಹೊರಟರೆ ಕನ್ವರ್ಟರೇ ಕೂರುವುದಿಲ್ಲ. 1965ರವರೆಗಿನವುಗಳಲ್ಲಿ ಹಿಂದೆ ಎರಡನೇ ಆಯಿಲ್ ಪಂಪು ಇದೆ, ಔಟ್‌ಪುಟ್ ಶಾಫ್ಟ್ ಬೇರೆ, 64ರವರೆಗೆ ಡ್ಯಾಶ್‌ಬೋರ್ಡಿನ ಗುಂಡಿಗಳಿಂದ ಗೇರ್ ಹಾಕುವ ಏರ್ಪಾಡು. ಅವನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಹಾಗೇ ಉಳಿಸಿಕೊಳ್ಳಬೇಕಾದ ಪೆಟ್ಟಿಗೆಗಳು ಅವು.

727 ಟಾರ್ಕ್‌ಫ್ಲೈಟ್ 904ರ ದೊಡ್ಡಣ್ಣನಂತೆ ಕಂಡರೂ ಅದರ ಗೇರ್ ಸೆಟ್ ಇಲ್ಲಿಗೆ ಬಾರದು. ಅದಕ್ಕೆ ಕಂಪನಿ 2.74 ಕೊಟ್ಟೂ ಇಲ್ಲ.

ಬೆಲ್ ಹೌಸಿಂಗ್ ಕೇಸಿನೊಂದಿಗೆ ಒಂದೇ ಎರಕ. ಸ್ಲ್ಯಾಂಟ್ ಸಿಕ್ಸಿನ ಕೇಸು 318ಕ್ಕೆ ಕೂರದು, 318ರದು ಸ್ಲ್ಯಾಂಟ್ ಸಿಕ್ಸಿಗೆ ಕೂರದು. ಒಳಭಾಗಗಳನ್ನಷ್ಟೇ ಸಾಗಿಸುವ ದಾರಿ ಚೆನ್ನಾಗಿರುವುದು ಇದರಿಂದಲೇ: ವಿ8 ಗಾಡಿಯಿಂದ ಬಿಚ್ಚಿದ ಗೇರ್ ಸೆಟ್ ಸ್ಲ್ಯಾಂಟ್ ಸಿಕ್ಸಿನ ಕೇಸಿನೊಳಗೂ ಹೋಗುತ್ತದೆ.

ಗುಜರಿಯಲ್ಲಿ ಗುರುತಿಸುವುದು

ಅಮೆರಿಕದ ಗುಜರಿ ಅಂಗಳಗಳಲ್ಲಿ ಹುಡುಕಬೇಕಾದವು 1980ರ ದಶಕದ ಡಾಡ್ಜ್ ಡಿಪ್ಲೊಮ್ಯಾಟ್, ಪ್ಲಿಮತ್ ಗ್ರ್ಯಾನ್ ಫ್ಯೂರಿ, ಕ್ರೈಸ್ಲರ್ ಫಿಫ್ತ್ ಅವೆನ್ಯೂ ಕಾರುಗಳು. ಅವುಗಳಲ್ಲಿರುವ 904, 998, 999 ಮೂರೂ ಒಂದೇ ಕುಟುಂಬದವು. ಕಾರಿನ ವರ್ಷ ನೋಡಿ ನಂಬಿ ತರಬೇಡಿ. ಹಳೇ ಕಾರುಗಳಲ್ಲಿ ಪೆಟ್ಟಿಗೆ ಎಷ್ಟು ಸಲ ಬದಲಾಗಿದೆಯೋ ಬಲ್ಲವರಿಲ್ಲ.

ಗೇರ್ ಸೆಟ್ ಔಟ್‌ಪುಟ್ ಶಾಫ್ಟಿನ ಮೇಲೆ ಇದ್ದಂತೆಯೇ ಪರೀಕ್ಷೆ ಮಾಡಬಹುದು. ತಂಬಿಗೆಯ ಆಕಾರದ ಡ್ರೈವಿಂಗ್ ಶೆಲ್ ಸನ್ ಗೇರಿಗೆ ಕೂಡಿಕೊಂಡಿರುತ್ತದೆ. ಶೆಲ್ಲನ್ನು ಅಲುಗದಂತೆ ಹಿಡಿಯಿರಿ. ಮುಂದಿನ ರಿಂಗ್ ಗೇರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಸರಿಯಾಗಿ 20 ಸುತ್ತು ತಿರುಗಿಸಿ, ಔಟ್‌ಪುಟ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. 13 ಸುತ್ತಿಗೆ ಗುರುತು ಮೊದಲಿನ ಜಾಗಕ್ಕೇ ಬಂದು ನಿಂತರೆ ಅದು 1.54ರ ಸೆಟ್. 14ಕ್ಕೆ ಸ್ವಲ್ಪ ಕಡಮೆ, ಅಂದರೆ 13.8 ಸುತ್ತು ಆಗಿದ್ದರೆ ಹಳೇ 1.45. ಹತ್ತು ಸುತ್ತು ಮಾತ್ರ ತಿರುಗಿಸಿದರೆ ವ್ಯತ್ಯಾಸ ಅರ್ಧ ಸುತ್ತಿಗಿಂತಲೂ ಕಡಮೆ ಇರುತ್ತದೆ, ಕಣ್ಣು ತಪ್ಪುತ್ತದೆ. ಇಪ್ಪತ್ತೇ ತಿರುಗಿಸಿ.

ತರಬೇಕಾದ್ದು ಇಡೀ ಮಾಲೆ: ಮುಂದಿನ ರಿಂಗ್ ಗೇರ್, ಮುಂದಿನ ಕ್ಯಾರಿಯರ್, ಸನ್ ಗೇರ್, ಡ್ರೈವಿಂಗ್ ಶೆಲ್, ಹಿಂದಿನ ಕ್ಯಾರಿಯರ್, ಹಿಂದಿನ ರಿಂಗ್ ಗೇರ್, ನಡುವಿನ ಎಲ್ಲ ಥ್ರಸ್ಟ್ ವಾಷರುಗಳು, ಸರ್ಕ್ಲಿಪ್‌ಗಳು. ಲೆಕ್ಕದ ಪ್ರಕಾರ ಬದಲಾಗಿರುವುದು ಮುಂದಿನ ಸೆಟ್ ಮಾತ್ರ ನಿಜ. ಆದರೂ ಇಷ್ಟು ವರ್ಷ ಒಟ್ಟಿಗೆ ಸವೆದ ಹಲ್ಲುಗಳನ್ನು ಅಗಲಿಸಿ ಬೇರೆ ಹಲ್ಲುಗಳ ಜೊತೆ ಕೂಡಿಸಿದರೆ ಗುಂಯ್ ಶಬ್ದ ಶುರುವಾಗುತ್ತದೆ. ಸೆಟ್ಟನ್ನು ಸೆಟ್ಟಾಗಿಯೇ ಇಡಿ.

ಬಿಟ್ಟು ಬರಬೇಕಾದವೂ ಇವೆ. 1978ರಿಂದ ಈ ಪೆಟ್ಟಿಗೆಗಳಿಗೆ ಲಾಕ್-ಅಪ್ ಕನ್ವರ್ಟರ್ (ಓಟದಲ್ಲಿ ಜಾರದಂತೆ ನೇರ ಕಚ್ಚಿಕೊಳ್ಳುವಂಥದು) ಬಂತು. ಅದಕ್ಕೆ ಇನ್‌ಪುಟ್ ಶಾಫ್ಟ್, ಪಂಪಿನ ರಿಯಾಕ್ಷನ್ ಸಪೋರ್ಟ್, ವಾಲ್ವ್ ಬಾಡಿ (ಎಣ್ಣೆ ಒತ್ತಡವನ್ನು ಹಂಚುವ ಕವಾಟಗಳ ಭಾಗ) ಮೂರೂ ಬೇರೆ. ಲಾಕ್-ಅಪ್ ಶಾಫ್ಟನ್ನು ಗುರುತಿಸುವುದು ಸುಲಭ: ತುದಿಯಲ್ಲಿ ಸ್ಪ್ಲೈನ್ ಇಲ್ಲದ ನುಣುಪು ಭಾಗ ಇರುತ್ತದೆ. ಸಾದಾ ಶಾಫ್ಟಿನಲ್ಲಿ ಸ್ಪ್ಲೈನು ತುದಿಯವರೆಗೂ ಹೋಗುತ್ತದೆ. ಲಾಕ್-ಅಪ್ ಭಾಗಗಳಲ್ಲಿ ಒಂದನ್ನು ತಂದು ಇನ್ನೊಂದನ್ನು ಬಿಟ್ಟರೆ ಕೆಲಸ ಕೆಟ್ಟಂತೆಯೇ. ನಿಮ್ಮ ಪಂಪು, ಶಾಫ್ಟು, ವಾಲ್ವ್ ಬಾಡಿ, ಕನ್ವರ್ಟರ್ ನಿಮ್ಮವೇ ಇರಲಿ.

ಇಲ್ಲೊಂದು ಸೂಕ್ಷ್ಮ ಇದೆ. ಹಿಂದಿನ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟುಗಳು ಒಳಗಡೆ ಕಚ್ಚಿಕೊಳ್ಳುವುದು ಮುಂದಿನ ರಿಂಗ್ ಗೇರಿನ ಹೊರಮೈ ಸ್ಪ್ಲೈನಿಗೆ. ಪ್ಲೇಟುಗಳ ಸಂಖ್ಯೆ ಎಲ್ಲ ಪೆಟ್ಟಿಗೆಗಳಲ್ಲೂ ಒಂದೇ ಅಲ್ಲ, ಕೆಲವದರಲ್ಲಿ 3, ಕೆಲವದರಲ್ಲಿ 4. ಹೊಸ ರಿಂಗ್ ಗೇರನ್ನು ನಿಮ್ಮ ಕ್ಲಚ್ಚಿನೊಳಗೆ ಒಣದಾಗಿ ಇಳಿಸಿ, ಕೊನೆಯ ಪ್ಲೇಟು ಪೂರ್ತಿ ಅಗಲಕ್ಕೆ ಸ್ಪ್ಲೈನಿನ ಮೇಲಿದೆಯೇ ನೋಡಿ. ಗುಜರಿ ಪೆಟ್ಟಿಗೆಯ ಕ್ಲಚ್ ಡ್ರಮ್ಮನ್ನೇ ತಂದರಾಯಿತು ಅನ್ನಿಸಬಹುದು, ಆದರೆ ಇನ್‌ಪುಟ್ ಶಾಫ್ಟನ್ನು ಅದೇ ಡ್ರಮ್ಮಿಗೆ ಪ್ರೆಸ್ ಮಾಡಿರುತ್ತಾರೆ. ಡ್ರಮ್ ತಂದರೆ ಲಾಕ್-ಅಪ್ ಶಾಫ್ಟ್ ಅದರ ಬೆನ್ನಿಗೇ ಬರುತ್ತದೆ, ಪ್ರೆಸ್ಸಿನಲ್ಲಿ ಹೊರತೆಗೆದು ನಿಮ್ಮ ಶಾಫ್ಟ್ ಕೂರಿಸಬೇಕಾಗುತ್ತದೆ.

ಬಿಚ್ಚುವುದು

ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆಯಿಲ್ ಇಳಿಸಿ. ಕನ್ವರ್ಟರಿಗೂ ಅದು ಕೂರುವ ಎಂಜಿನ್ ಕಡೆಯ ಡ್ರೈವ್ ಪ್ಲೇಟಿಗೂ ಬಣ್ಣದ ಗುರುತು ಹಾಕಿ, ನಾಲ್ಕು ಬೋಲ್ಟಿನ ತೂತುಗಳಲ್ಲಿ ಒಂದು ಸ್ವಲ್ಪ ಸರಿದಿರುವುದರಿಂದ ಅದು ಒಂದೇ ಸ್ಥಾನದಲ್ಲಿ ಕೂರುತ್ತದೆ. ಪೆಟ್ಟಿಗೆಯನ್ನೂ ಕನ್ವರ್ಟರನ್ನೂ ಒಟ್ಟಿಗೆ ಹಿಂದಕ್ಕೆ ಎಳೆದು ಇಳಿಸಿ.

ಬೆಂಚಿನ ಮೇಲೆ ಮೊದಲ ಕೆಲಸ ಇನ್‌ಪುಟ್ ಶಾಫ್ಟಿನ ಎಂಡ್ ಪ್ಲೇ (ಉದ್ದಕ್ಕೆ ಒಳಗೆ ಹೊರಗೆ ಆಡುವ ಆಟ) ಅಳೆಯುವುದು. ಡಯಲ್ ಗೇಜನ್ನು ಬೆಲ್ ಹೌಸಿಂಗಿಗೆ ಕಟ್ಟಿ, ಮುಳ್ಳನ್ನು ಶಾಫ್ಟಿನ ತುದಿಗೆ ತಾಗಿಸಿ, ಶಾಫ್ಟನ್ನು ಒಳಗೆ ಹೊರಗೆ ಆಡಿಸಿ. ಬಂದ ಅಂಕಿ ಬರೆದಿಟ್ಟುಕೊಳ್ಳಿ. ಬಿಚ್ಚುವ ಮೊದಲಿನ ಈ ಅಂಕಿ ಇಲ್ಲದಿದ್ದರೆ ಜೋಡಿಸುವಾಗ ಯಾವ ವಾಷರ್ ಬೇಕೆಂದು ಕತ್ತಲಲ್ಲಿ ತಡಕಬೇಕಾಗುತ್ತದೆ.

ಪ್ಯಾನ್, ಫಿಲ್ಟರ್, ವಾಲ್ವ್ ಬಾಡಿ ತೆಗೆಯಿರಿ. ಹಿಂದಿನ ಎಕ್ಸ್‌ಟೆನ್ಷನ್ ಹೌಸಿಂಗ್ ಎಳೆಯುವ ಮೊದಲು ಸ್ಪೀಡೋಮೀಟರಿನ ಪಿನಿಯನ್ ತೆಗೆಯಲೇಬೇಕು, ಮರೆತರೆ ಅದರ ಹಲ್ಲು ಕತ್ತರಿಸಿ ಹೋಗುತ್ತದೆ. ಹೌಸಿಂಗಿನ ತಳದಲ್ಲಿ, ಮೌಂಟು ಕೂರುವ ಜಾಗದಲ್ಲಿ, ಸಣ್ಣ ತಗಡಿನ ಮುಚ್ಚಳ ಇದೆ. ಅದನ್ನು ಬಿಚ್ಚಿದರೆ ಬೇರಿಂಗಿನ ದೊಡ್ಡ ಸರ್ಕ್ಲಿಪ್ ಕಾಣುತ್ತದೆ. ಅದನ್ನು ಇಕ್ಕಳದಲ್ಲಿ ಅಗಲಿಸಿ ಹಿಡಿದು ಹೌಸಿಂಗನ್ನು ಹಿಂದಕ್ಕೆ ತಟ್ಟಿ. ಮುಚ್ಚಳ ಇರುವುದೇ ಗೊತ್ತಿಲ್ಲದೆ ಸುತ್ತಿಗೆ ಎತ್ತಿ ಹೌಸಿಂಗ್ ಸೀಳುವುದು ಈ ಪೆಟ್ಟಿಗೆಯಲ್ಲಿ ಆಗುವ ಹಳೇ ತಪ್ಪು. ಆಮೇಲೆ ಗವರ್ನರ್ (ಗಾಡಿಯ ವೇಗಕ್ಕೆ ತಕ್ಕಂತೆ ಎಣ್ಣೆ ಒತ್ತಡ ಕೊಡುವ ಭಾಗ), ಪಾರ್ಕಿಂಗ್ ಗೇರು ಹೊರಬರಲಿ.

ಪಂಪ್ ಎಳೆಯುವ ಮೊದಲು ಮುಂದಿನ ಬ್ಯಾಂಡಿನ ಸ್ಕ್ರೂವನ್ನು ಪೂರ್ತಿ ಬಿಗಿಮಾಡಿ. ಬ್ಯಾಂಡು ಮುಂದಿನ ಕ್ಲಚ್ ಡ್ರಮ್ಮನ್ನು ಅಪ್ಪಿ ಹಿಡಿಯುತ್ತದೆ, ಇಲ್ಲದಿದ್ದರೆ ಡ್ರಮ್ಮು ಪಂಪಿನ ಜೊತೆಗೇ ಬಂದು ಕೆಳಗೆ ಬೀಳುತ್ತದೆ. ಪಂಪಿನ ಎರಡು ಎಳೆ ಕಟ್ಟಿದ ತೂತುಗಳಿಗೆ ಸ್ಲೈಡ್ ಹ್ಯಾಮರ್ ಹಾಕಿ ಸಮವಾಗಿ ಎಳೆಯಿರಿ. ಬ್ಯಾಂಡು ಸಡಿಲಿಸಿ ಎರಡೂ ಕ್ಲಚ್‌ಗಳನ್ನು ಹೊರತೆಗೆಯಿರಿ. ಕೊನೆಗೆ ಔಟ್‌ಪುಟ್ ಶಾಫ್ಟನ್ನೂ ಶೆಲ್ಲನ್ನೂ ಎರಡೂ ಕೈಯಲ್ಲಿ ತೂಗಿ ಹಿಡಿದು ಗೇರ್ ಮಾಲೆಯನ್ನು ಮುಂದಿನಿಂದ ಹೊರಕ್ಕೆ ಜಾರಿಸಿ. ಶಾಫ್ಟಿನ ನುಣುಪು ಮೈ ಕೇಸಿಗೆ ಉಜ್ಜಬಾರದು.

ಪರೀಕ್ಷೆ ಮತ್ತು ಮಾಲೆ ಕಟ್ಟುವುದು

ತಂದ ಸೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಒಂದೊಂದು ಪಿನಿಯನನ್ನೂ ಹೆಬ್ಬೆರಳಲ್ಲಿ ತಿರುಗಿಸಿ. ಮರಳು ಸಿಕ್ಕಂತೆ ಕರಕರ ಅಂದರೆ ಒಳಗಿನ ಸೂಜಿ ಬೇರಿಂಗ್ ಹೋಗಿದೆ. ಪಿನಿಯನಿನ ಪಿನ್ನು ನೀಲಿಗಟ್ಟಿದ್ದರೆ ಆ ಪೆಟ್ಟಿಗೆ ಎಣ್ಣೆಯಿಲ್ಲದೆ ಓಡಿದೆ ಎಂದು ಅರ್ಥ, ಆ ಕ್ಯಾರಿಯರ್ ಬೇಡ. ಕ್ಯಾರಿಯರಿನ ತೂತಿನಲ್ಲಿ ಪಿನ್ನು ಅಲುಗುತ್ತಿದ್ದರೂ ಬೇಡ. ಶೆಲ್ಲಿನ ಕೊಕ್ಕೆಗಳು ಮುಂದಿನ ಡ್ರಮ್ಮಿನ ತೋಡುಗಳಲ್ಲಿ ಕೂರುವ ಕಡೆ ಮೆಟ್ಟಿಲಿನಂತೆ ಸವೆದಿವೆಯೇ, ಸನ್ ಗೇರಿನ ಬುಡದಲ್ಲಿ ಕೂದಲೆಳೆಯ ಬಿರುಕಿದೆಯೇ ಬೆಳಕಿಗೆ ಹಿಡಿದು ನೋಡಿ.

ಹಳೇ ಮಾಲೆಯ ಮುಂದಿನ ತುದಿಯ ಸರ್ಕ್ಲಿಪ್ ತೆಗೆದರೆ ಭಾಗಗಳು ಒಂದರ ಹಿಂದೊಂದು ಜಾರಿ ಬರುತ್ತವೆ. ಬಂದ ಕ್ರಮದಲ್ಲೇ ಉದ್ದಕ್ಕೆ ಸಾಲಾಗಿ ಇಡಿ, ಪಕ್ಕದಲ್ಲಿ ಹೊಸ ಮಾಲೆಯನ್ನೂ ಹಾಗೇ ಇಡಿ. ವಾಷರುಗಳನ್ನು ಎರಡು ಸಾಲಿನ ನಡುವೆ ಬೆರೆಸಬೇಡಿ. ಹೊಸ ಭಾಗಗಳು ನಿಮ್ಮ ಔಟ್‌ಪುಟ್ ಶಾಫ್ಟಿನ ಮೇಲೆ ಹಿಂದಿನ ರಿಂಗ್ ಗೇರಿನಿಂದ ಆರಂಭಿಸಿ ಮುಂದಕ್ಕೆ ಏರಬೇಕು. ಪ್ರತಿ ವಾಷರಿಗೂ ವ್ಯಾಸಲೀನ್ ಹಚ್ಚಿ ಅಂಟಿಸಿ, ಗ್ರೀಸ್ ಬೇಡ. ಗ್ರೀಸ್ ಎಣ್ಣೆಯಲ್ಲಿ ಕರಗದೆ ವಾಲ್ವ್ ಬಾಡಿಯ ಸಣ್ಣ ತೂತುಗಳಿಗೆ ಹೋಗಿ ಕೂರುತ್ತದೆ. ಕಿವಿಯಿರುವ ವಾಷರುಗಳ ಕಿವಿ ಗುಂಡಿಯೊಳಗೆ ಇಳಿದಿದೆಯೇ ಬೆರಳಿಟ್ಟು ನೋಡಿ.

ಮುಂದಿನ ಸರ್ಕ್ಲಿಪ್ ಕೂರಿಸಿದ ಮೇಲೆ ಅದರ ಸುತ್ತ ಉಗುರಾಡಿಸಿ, ಪೂರ್ತಿ ತನ್ನ ತೋಡಿಗೆ ಇಳಿದಿರಬೇಕು. ಗೇರ್ ಮಾಲೆಯ ಒಳಗಿನ ಆಟವನ್ನು ಫೀಲರ್ ಗೇಜಿನಲ್ಲಿ ಅಳೆದು ನಿಮ್ಮ ವರ್ಷದ ಕಂಪನಿ ಕೈಪಿಡಿಯ ಮಿತಿಗೆ ಹೋಲಿಸಿ. ಈ ಸರ್ಕ್ಲಿಪ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ, ಆಟ ಹೆಚ್ಚಿದ್ದರೆ ದಪ್ಪನೆಯದನ್ನು ಹಾಕಿ. ಕಟ್ಟಿದ ಮಾಲೆಯ ಮೇಲೆ 20 ಸುತ್ತಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಹಿಡಿಯುವ ಭಾಗಗಳು

ಕಿಕ್‌ಡೌನ್ ಬ್ಯಾಂಡಿನ ಲೈನಿಂಗ್ ಸುಟ್ಟು ಕಪ್ಪಾಗಿದ್ದರೆ, ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ಚಕ್ಕೆ ಏಳುತ್ತಿದ್ದರೆ ಬದಲಿಸಿ. ಈಗಿನ 20 ಶೇಕಡ ಹೆಚ್ಚು ಹೊರೆ ನೆನೆದರೆ ಚೆನ್ನಾಗಿ ಕಂಡರೂ ಹೊಸದು ಹಾಕುವುದೇ ಜಾಣತನ. ಬ್ಯಾಂಡು ಅಪ್ಪುವ ಡ್ರಮ್ಮಿನ ಮೈ ಮಟ್ಟಸವಾಗಿರಲಿ, ನಡುವೆ ಹಳ್ಳ ಬಿದ್ದಿದ್ದರೆ ಹೊಸ ಬ್ಯಾಂಡು ಅಂಚಿನಲ್ಲಷ್ಟೇ ಹಿಡಿಯುತ್ತದೆ. ಎಣ್ಣೆ ಒತ್ತಡದಿಂದ ಬ್ಯಾಂಡನ್ನು ಬಿಗಿಸುವ ಸರ್ವೋ ಪಿಸ್ಟನ್ನಿನ ರಿಂಗುಗಳನ್ನೂ ಬದಲಿಸಿ.

ಬ್ಯಾಂಡನ್ನು ಒತ್ತುವ ಲಿವರು 904ರಲ್ಲಿ ಹಲವು ಅನುಪಾತಗಳಲ್ಲಿ ಸಿಗುತ್ತದೆ. 3.8ರ ಲಿವರ್ ತೆಗೆದು 4.2ರದು ಹಾಕಿದರೆ ಅದೇ ಎಣ್ಣೆ ಒತ್ತಡಕ್ಕೆ ಹಿಡಿತ 10 ಶೇಕಡ ಹೆಚ್ಚುತ್ತದೆ. ಆದರೆ ಸರ್ವೋ ಅಷ್ಟೇ ಹೆಚ್ಚು ದೂರ ಚಲಿಸಬೇಕಾಗುತ್ತದೆ, ಆದ್ದರಿಂದ ಬ್ಯಾಂಡಿನ ಸಡಿಲವನ್ನು ಸ್ವಲ್ಪ ಕಡಮೆ ಇಡಬೇಕು: ಬ್ಯಾಂಡಿನ ಸ್ಕ್ರೂವನ್ನು ಹಿಂದಕ್ಕೆ ಬಿಡುವಾಗ 2 ಸುತ್ತಿದ್ದ ಕಡೆ ಸುಮಾರು 1¾.

ರೋಲರ್ ಕ್ಲಚ್ಚಿನ ಕೆಲಸವನ್ನು ಹಗುರವಾಗಿ ಎಣಿಸಬಾರದು. ಸೆಲೆಕ್ಟರು ಡಿ ಸ್ಥಾನದಲ್ಲಿರುವಾಗ ಮೊದಲ ಗೇರನ್ನು ಹಿಡಿದಿರುವುದು ಅದೊಂದೇ. 1ರ ಸ್ಥಾನದಲ್ಲಾದರೆ ಹಿಂದಿನ ಬ್ಯಾಂಡೂ ಜೊತೆಗಿರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ರೋಲರು ಜಾರಿತು ಎಂದುಕೊಳ್ಳಿ. ಗಾಡಿ ಇನ್ನೂ ನಿಂತಂತಿದ್ದು ಎಂಜಿನ್ ನಿಮಿಷಕ್ಕೆ 5000 ಸುತ್ತಿಗೆ ಹಾರಿದರೆ ಹಳೇ ಗೇರಿನಲ್ಲಿ ಮುಂದಿನ ಡ್ರಮ್ಮು ಹಿಮ್ಮುಖವಾಗಿ 11,000 ಸುತ್ತಿನ ಹತ್ತಿರ, ಹೊಸ ಗೇರಿನಲ್ಲಿ 9,000ಕ್ಕೂ ಮೇಲೆ ತಿರುಗುತ್ತದೆ. ಆ ವೇಗಕ್ಕೆ ಡ್ರಮ್ಮು ಸಿಡಿದು ಚೂರುಗಳು ಕಾರಿನ ನೆಲವನ್ನೇ ಸೀಳಬಲ್ಲವು. ಆದ್ದರಿಂದ ರೋಲರುಗಳೂ ಸ್ಪ್ರಿಂಗುಗಳೂ ಹೊಸವಾಗಿರಲಿ, ಕ್ಯಾಮಿನಲ್ಲಿ ರೋಲರ್ ಕೂರುವ ಇಳಿಜಾರಿನಲ್ಲಿ ಉಗುರಿಗೆ ತಾಗುವ ಗುಳಿ ಇದ್ದರೆ ಕ್ಯಾಮನ್ನೂ ಬದಲಿಸಿ, ಕೇಸಿನಲ್ಲಿ ಅದು ಒಂದಿಷ್ಟೂ ಅಲುಗಬಾರದು.

ಜೋಡಣೆ

ಮಾಲೆ ಕೇಸಿನೊಳಗೆ ಇಳಿದು, ಹಿಂದಿನ ಕ್ಯಾರಿಯರು ಹಿಂದಿನ ಡ್ರಮ್ಮಿನ ಸ್ಪ್ಲೈನಿಗೆ ಸೇರಬೇಕು. ಮುಂದಿನ ಕ್ಲಚ್ಚಿನೊಳಗೆ ಹಿಂದಿನ ಕ್ಲಚ್ಚನ್ನು ಕೂರಿಸಿ, ಎರಡನ್ನೂ ಒಟ್ಟಿಗೆ ನಿಧಾನವಾಗಿ ಅತ್ತಿತ್ತ ತಿರುಗಿಸುತ್ತ ಇಳಿಸಿ. ಒಂದೊಂದು ಪ್ಲೇಟು ಸ್ಪ್ಲೈನಿಗೆ ಬಿದ್ದಾಗಲೂ ಕೈಗೆ ಸಣ್ಣ ಟಕ್ ಗೊತ್ತಾಗುತ್ತದೆ. ಒತ್ತಬೇಡಿ. ಒತ್ತಿ ಕೂರಿಸಿದ ಪ್ಲೇಟಿನ ಹಲ್ಲು ಮುರಿದಿರುತ್ತದೆ.

ಇನ್‌ಪುಟ್ ಮತ್ತು ಔಟ್‌ಪುಟ್ ಶಾಫ್ಟುಗಳ ನಡುವಿನ ಥ್ರಸ್ಟ್ ವಾಷರೇ ಎಂಡ್ ಪ್ಲೇ ನಿರ್ಧರಿಸುವುದು. ಅದು ಮೂರು ದಪ್ಪದಲ್ಲಿ ಬರುತ್ತದೆ: 0.052-0.054 ಇಂಚಿನದು ಸಹಜ ಬಣ್ಣದ್ದು, 0.068-0.070 ಕೆಂಪು, 0.083-0.085 ಕಪ್ಪು. 1970ರ ದಶಕದ ಕೈಪಿಡಿಗಳಲ್ಲಿ 904ರ ಎಂಡ್ ಪ್ಲೇ ಮಿತಿ 0.022ರಿಂದ 0.091 ಇಂಚು, ಅಂದರೆ 0.56ರಿಂದ 2.31 ಮಿಲಿಮೀಟರ್. ಮಿತಿ ಅಗಲವಾಗಿದೆ ನಿಜ, ಆದರೂ 0.030ರ ಆಸುಪಾಸಿಗೆ ತಂದರೆ ಪೆಟ್ಟಿಗೆ ಹೆಚ್ಚು ಬಾಳುತ್ತದೆ. ಹೊಸ ಮಾಲೆ ಬಂದಿರುವುದರಿಂದ ಹಳೇ ವಾಷರೇ ಸರಿಹೋಗುತ್ತದೆ ಎಂದು ನಂಬಬೇಡಿ, ಪಂಪ್ ಬಿಗಿಮಾಡಿ ಡಯಲ್ ಗೇಜಿನಲ್ಲಿ ಅಳೆಯಿರಿ.

ಪಂಪನ್ನು ಎರಡು ಉದ್ದ ಸ್ಟಡ್ಡುಗಳ ದಾರಿಯಲ್ಲಿ ಇಳಿಸಿ. ಬೋಲ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ 175 ಇಂಚ್-ಪೌಂಡಿಗೆ, ಅಂದರೆ 20 ನ್ಯೂಟನ್-ಮೀಟರಿಗೆ ತನ್ನಿ. ಪ್ರತಿ ಸುತ್ತಿನ ಬಿಗಿಯ ನಂತರ ಇನ್‌ಪುಟ್ ಶಾಫ್ಟ್ ಕೈಯಲ್ಲಿ ತಿರುಗುತ್ತಿರಬೇಕು. ಹಿಡಿದುಕೊಂಡರೆ ನಿಲ್ಲಿಸಿ: ಯಾವುದೋ ವಾಷರ್ ಜಾರಿದೆ, ಇಲ್ಲವೇ ಒಂದು ಪ್ಲೇಟು ಸ್ಪ್ಲೈನಿಗೆ ಬಿದ್ದಿಲ್ಲ.

ವಾಲ್ವ್ ಬಾಡಿ ಹಾಕುವ ಮೊದಲು ಒಣ ಗಾಳಿಯಿಂದ ಪರೀಕ್ಷೆ ಮಾಡಿ. ಮುಂದಿನ ಕ್ಲಚ್, ಹಿಂದಿನ ಕ್ಲಚ್, ಎರಡೂ ಸರ್ವೋಗಳ ಎಣ್ಣೆ ದಾರಿಗೆ ಒಂದೊಂದಾಗಿ ಗಾಳಿ ಬಿಡಿ. ಕ್ಲಚ್ಚಿನಿಂದ ಮಂದವಾದ ಧಪ್ ಶಬ್ದ ಬರಬೇಕು, ಬ್ಯಾಂಡು ಡ್ರಮ್ಮನ್ನು ಬಿಗಿಯುವುದು ಕಣ್ಣಿಗೇ ಕಾಣಬೇಕು. ಬರೀ ಬುಸ್ ಅಂದರೆ ಸೀಲು ಮಡಚಿದೆ. ಇಲ್ಲಿ ಹತ್ತು ನಿಮಿಷ ಉಳಿಸಲು ಹೋಗಿ ಇಡೀ ಪೆಟ್ಟಿಗೆಯನ್ನು ಎರಡನೇ ಸಲ ಇಳಿಸಬೇಡಿ. ಉಳಿದ ಬಿಗಿಗಳು: ವಾಲ್ವ್ ಬಾಡಿಯನ್ನು ಕೇಸಿಗೆ ಹಿಡಿಸುವ ಬೋಲ್ಟು 100 ಇಂಚ್-ಪೌಂಡ್, ಫಿಲ್ಟರ್ ಸ್ಕ್ರೂ 35, ಪ್ಯಾನ್ ಬೋಲ್ಟು 150, ಎಕ್ಸ್‌ಟೆನ್ಷನ್ ಹೌಸಿಂಗ್ 24 ಫುಟ್-ಪೌಂಡ್, ಕನ್ವರ್ಟರಿನಿಂದ ಡ್ರೈವ್ ಪ್ಲೇಟಿಗೆ 270 ಇಂಚ್-ಪೌಂಡ್. ಇಂಚ್-ಪೌಂಡನ್ನು ಫುಟ್-ಪೌಂಡ್ ಎಂದು ಓದಿ ಅಲ್ಯೂಮಿನಿಯಂ ಕೇಸಿನ ಎಳೆ ಕಿತ್ತವರು ಬಹಳ.

ಮುಂದಿನ ಬ್ಯಾಂಡಿನ ಸ್ಕ್ರೂವನ್ನು 72 ಇಂಚ್-ಪೌಂಡಿಗೆ ಬಿಗಿಮಾಡಿ, ಸರಿಯಾಗಿ 2 ಸುತ್ತು (4.2ರ ಲಿವರ್ ಹಾಕಿದ್ದರೆ 1¾) ಹಿಂದಕ್ಕೆ ಬಿಡಿ, ಸ್ಕ್ರೂ ಅಲುಗದಂತೆ ಹಿಡಿದು ಲಾಕ್‌ನಟ್ ಹಾಕಿ. ಹಿಂದಿನ ಬ್ಯಾಂಡಿನ ಅಂಕಿಗಳು ವರ್ಷದಿಂದ ವರ್ಷಕ್ಕೆ, ಬ್ಯಾಂಡಿನ ಬಗೆಯಿಂದ ಬಗೆಗೆ ಬೇರೆ. ಒಳಗಿರುವುದು ಯಾವ ಪೆಟ್ಟಿಗೆಯ ಬ್ಯಾಂಡೋ ಆ ಪೆಟ್ಟಿಗೆಯ ಕೈಪಿಡಿಯನ್ನೇ ಅನುಸರಿಸಿ. ಅದರ ಸ್ಕ್ರೂ ಪ್ಯಾನಿನೊಳಗಿದೆ, ಮುಚ್ಚುವ ಮೊದಲೇ ಮಾಡಿ.

ಕಾರಿಗೆ ಏರಿಸುವಾಗ

ಕನ್ವರ್ಟರನ್ನು ತಿರುಗಿಸುತ್ತ ಒಳಕ್ಕೆ ತಳ್ಳಿ, ಅದರ ಕೊರಳು ಪಂಪಿನ ಒಳಗಾಲಿಗೆ ಪೂರ್ತಿ ಸೇರಬೇಕು. ಬೆಲ್ ಹೌಸಿಂಗಿನ ಮುಖಕ್ಕೆ ಅಡ್ಡವಾಗಿ ನೇರ ಪಟ್ಟಿ ಇಟ್ಟು ಅಳೆದರೆ ಕನ್ವರ್ಟರಿನ ಮುಂದಿನ ಬೋಲ್ಟ್ ಗುಬಟು ಪಟ್ಟಿಯಿಂದ ಕನಿಷ್ಠ ಅರ್ಧ ಇಂಚು ಒಳಗಿರಬೇಕು. ಅಷ್ಟಿಲ್ಲದೆ ಬೋಲ್ಟು ಎಳೆದು ಕೂಡಿಸಿದರೆ ಎಂಜಿನ್ ಶುರುವಾದ ಕ್ಷಣವೇ ಪಂಪ್ ಒಡೆಯುತ್ತದೆ. ರೇಡಿಯೇಟರಿನೊಳಗಿನ ಕೂಲರನ್ನೂ ಪೈಪುಗಳನ್ನೂ ತೊಳೆಯಿರಿ. ಹಳೇ ಪೆಟ್ಟಿಗೆಯ ಲೋಹದ ಪುಡಿ ಅಲ್ಲಿ ಕಾದು ಕೂತಿರುತ್ತದೆ.

ಡೆಕ್ಸ್‌ರಾನ್ ಬಗೆಯ ಎಣ್ಣೆ ಅಥವಾ ಎಟಿಎಫ್+4 ಹಾಕಬಹುದು. ಮೊದಲು 4 ಕ್ವಾರ್ಟ್ ಸುರಿದು, ಎಂಜಿನ್ ಚಾಲು ಮಾಡಿ, ಇನ್ನೊಂದೊಂದೇ ಕ್ವಾರ್ಟ್ ಸೇರಿಸುತ್ತ ಬ್ರೇಕ್ ಒತ್ತಿ ಎಲ್ಲ ಸ್ಥಾನಗಳಿಗೂ ಸೆಲೆಕ್ಟರ್ ಒಯ್ದು ಬನ್ನಿ. ಈ ಹಳೇ ಪೆಟ್ಟಿಗೆಗಳಲ್ಲಿ ಪಾರ್ಕ್ ಸ್ಥಾನದಲ್ಲಿ ಕನ್ವರ್ಟರಿಗೆ ಎಣ್ಣೆ ಹೋಗುವುದಿಲ್ಲ, ಆದ್ದರಿಂದ ಮಟ್ಟವನ್ನು ನ್ಯೂಟ್ರಲ್‌ನಲ್ಲಿ, ಎಣ್ಣೆ ಬಿಸಿಯಾದ ಮೇಲೆ ನೋಡಬೇಕು.

ಕಾರ್ಬ್ಯುರೇಟರಿನಿಂದ ಬರುವ ಥ್ರಾಟಲ್ ಲಿಂಕೇಜ್ ಕಟ್ಟದೆ ಒಂದು ಗಜವೂ ಓಡಿಸಬೇಡಿ. ಈ ಕಡ್ಡಿಯೇ ಎಣ್ಣೆ ಒತ್ತಡ ಏರಿಸುವುದು, ಅದಿಲ್ಲದೆ ಹೊಸ ಕ್ಲಚ್ ಒಂದೇ ದಿನದಲ್ಲಿ ಸುಡಬಹುದು. ಹಿಂದಿನ ಚಕ್ರಗಳನ್ನು ಎತ್ತಿ, ಸೆಲೆಕ್ಟರ್ 1ರಲ್ಲಿಟ್ಟು, ಎಂಜಿನ್ 1000 ಸುತ್ತಿನಲ್ಲಿರುವಾಗ ಲೈನ್ ಒತ್ತಡ ನೋಡಿ: ಪೆಟ್ಟಿಗೆಯ ಥ್ರಾಟಲ್ ಲಿವರ್ ಪೂರ್ತಿ ಮುಂದಿದ್ದಾಗ 54-60 ಪಿಎಸ್‌ಐ, ಹಿಂದಕ್ಕೆ ಎಳೆದಂತೆ ಏರುತ್ತ 90-96 ಪಿಎಸ್‌ಐ.

ಓಡಿಸಿದಾಗ

ಗವರ್ನರ್ ಔಟ್‌ಪುಟ್ ಶಾಫ್ಟಿನ ಮೇಲಿದೆ, ಅದಕ್ಕೆ ಗೊತ್ತಿರುವುದು ಗಾಡಿಯ ವೇಗ ಮಾತ್ರ. ಆದ್ದರಿಂದ ಗೇರು ಬದಲಾಗುವ ವೇಗ ಮೊದಲಿನದೇ ಇರುತ್ತದೆ, ಎಂಜಿನ್ ಸುತ್ತು ಮಾತ್ರ ಮೊದಲ ಗೇರಿನಲ್ಲಿ 12 ಶೇಕಡ ಹೆಚ್ಚು. ಹಿಂದೆ ಪೂರ್ತಿ ಥ್ರಾಟಲ್‌ನಲ್ಲಿ 4200ಕ್ಕೆ ಎರಡನೇ ಗೇರು ಬೀಳುತ್ತಿದ್ದರೆ ಈಗ 4700ರ ಹತ್ತಿರ ಬೀಳುತ್ತದೆ. 225 ಘನ ಇಂಚಿನ ಸ್ಲ್ಯಾಂಟ್ ಸಿಕ್ಸ್ ತನ್ನ ಪೂರ್ತಿ ಶಕ್ತಿ ಕೊಡುವುದು 4000 ಸುತ್ತಿನಲ್ಲಿ, ಅದರಾಚೆ ಬರೀ ಸದ್ದು. ತಡ ಅನ್ನಿಸಿದರೆ ಮೊದಲು ಲಿಂಕೇಜ್ ಸರಿ ಕೂತಿದೆಯೇ ನೋಡಿ, ಆಮೇಲೆ ಗವರ್ನರಿಗೆ ತುಸು ಭಾರದ ತೂಕ ಹಾಕಿ. ತೂಕ ಹೆಚ್ಚಿದರೆ ಗವರ್ನರ್ ಒತ್ತಡ ಬೇಗ ಏರಿ ಗೇರು ಬೇಗ ಬದಲಾಗುತ್ತದೆ. ಲಿಂಕೇಜನ್ನು ಸಡಿಲಿಸಿ ಬೇಗ ಬದಲಾಗುವಂತೆ ಮಾಡುವುದು ತಪ್ಪು ದಾರಿ, ಒತ್ತಡವೂ ಅದರೊಂದಿಗೆ ಬೀಳುತ್ತದೆ.

ಒಂದರಿಂದ ಎರಡಕ್ಕೆ ಹೋಗುವಾಗ ಎಂಜಿನ್ ಸುತ್ತು ಹಿಂದಿಗಿಂತ ಆಳಕ್ಕೆ ಇಳಿಯುತ್ತದೆ: 4500ರಲ್ಲಿ ಬದಲಾದರೆ ಹಳೇ ಸೆಟ್ಟಿನಲ್ಲಿ ಸುಮಾರು 2660, ಹೊಸದರಲ್ಲಿ 2530. ಇದು ದೋಷವಲ್ಲ. ಆದರೆ ಬದಲಾಗುವ ಹೊತ್ತಿಗೆ ಸುತ್ತು ಇಳಿಯುವ ಬದಲು ಒಮ್ಮೆ ಜಿಗಿದು ಆಮೇಲೆ ಹಿಡಿದರೆ ಕಿಕ್‌ಡೌನ್ ಬ್ಯಾಂಡು ಜಾರುತ್ತಿದೆ, ಓಡಿಸುವುದನ್ನು ನಿಲ್ಲಿಸಿ ಹೊಂದಿಕೆ, ಸರ್ವೋ, ಲಿಂಕೇಜ್ ಮೂರನ್ನೂ ನೋಡಿ. ಡಿಯಲ್ಲಿ ಗಾಡಿ ಕದಲುವುದಿಲ್ಲ, 1ರಲ್ಲಿ ಹೋಗುತ್ತದೆ, ಎರಡನೇ ಗೇರು ಬಿದ್ದೊಡನೆ ಕಟ್ಟಿಹಾಕಿದಂತಾಗುತ್ತದೆ ಅಂದರೆ ರೋಲರ್ ಕ್ಲಚ್ ಉಲ್ಟಾ ಕೂತಿದೆ. ರಿವರ್ಸೂ ಇಲ್ಲ, ಮೂರನೆಯದೂ ಇಲ್ಲ ಎಂದಾದರೆ ಮುಂದಿನ ಕ್ಲಚ್, ರಿವರ್ಸ್ ಮಾತ್ರ ಇಲ್ಲದಿದ್ದರೆ ಹಿಂದಿನ ಬ್ಯಾಂಡು. ನ್ಯೂಟ್ರಲ್‌ನಲ್ಲೂ ಗಾಡಿ ಮುಂದಕ್ಕೆ ತೆವಳಿದರೆ ಹಿಂದಿನ ಕ್ಲಚ್ಚಿನಲ್ಲಿ ಪ್ಲೇಟುಗಳ ನಡುವೆ ಸಡಿಲ ಸಾಲದು.

ಮೊದಲ ಎರಡು ಗೇರುಗಳಲ್ಲಿ ಗುಂಯ್ಗುಟ್ಟಿ ಮೂರನೆಯದರಲ್ಲಿ ಸದ್ದಡಗಿದರೆ ಅದು ಪ್ಲಾನೆಟರಿಯದೇ ಶಬ್ದ, ಮೂರನೆಯದರಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದೇ ಇಲ್ಲ. 2.74ರ ಸೆಟ್ಟಿನಲ್ಲಿ ಸಣ್ಣ ಸದ್ದು ಇದ್ದರೆ ಇರಲಿ. ನೂರಿನ್ನೂರು ಮೈಲಿ ಓಡಿದ ಮೇಲೆ ಪ್ಯಾನ್ ಬಿಚ್ಚಿ ತಳದಲ್ಲಿ ಬೆರಳಾಡಿಸಿ. ಬೂದಿಬಣ್ಣದ ನುಣ್ಣನೆ ಹುಡಿ ಹೊಸ ಲೈನಿಂಗಿನದು, ಒರೆಸಿ ಫಿಲ್ಟರ್ ಬದಲಿಸಿ, ಬ್ಯಾಂಡುಗಳನ್ನು ಇನ್ನೊಮ್ಮೆ ಹೊಂದಿಸಿ ಮುಚ್ಚಿ. ಬೆರಳಿಗೆ ಚುಚ್ಚುವ ಮಿಂಚಿನ ಚೂರು ಸಿಕ್ಕರೆ ಸೂಜಿ ಬೇರಿಂಗ್ ಒಡೆಯುತ್ತಿದೆ, ಪೆಟ್ಟಿಗೆಯನ್ನು ಅಂದೇ ಇಳಿಸಿ.